ಮೆಣಸಿನ ಕಾಳಿನ ಹಿಂದೆ ಹುಣ್ಣಿಮೆ ಚಂದ್ರ

ಓದುಗರ ಪ್ರಶ್ನೆ, ಕಣ್ಣಿನ ಅಕ್ಕನ ಉತ್ತರ

ಹೋದ ಸಂಚಿಕೆಯಲ್ಲಿ "ನಿಮ್ಮ ಕಣ್ಣು ನಿಮ್ಮನ್ನು ಯಾವಾಗ ಏಮಾರಿಸಿದೆ, ಬರೆದು ತಿಳಿಸಿ" ಎಂದು ಕೇಳಿದ್ದೆ. ಬಂದ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ಭಾನುವಾರ ಓದಿದೆ. ಹೊಸ ಓದುಗರಿಗಾಗಿ ನನ್ನ ಪರಿಚಯ ಎರಡು ಮಾತಿನಲ್ಲಿ: ಧಾರವಾಡ, ಗದಗ, ಬಾಗಲಕೋಟೆಯ ಹಳ್ಳಿಗಳಲ್ಲಿ 31 ವರ್ಷ ಕಣ್ಣಿನ ಪರೀಕ್ಷೆ ಮಾಡಿ ನಿವೃತ್ತಳಾದವಳು ನಾನು. ಶಾಲೆಯ ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿ, ಆರು ಮೀಟರ್ ಅಳೆದು ನೆಲಕ್ಕೆ ಸುಣ್ಣದ ಗೆರೆ ಎಳೆದು, ಒಬ್ಬೊಬ್ಬರನ್ನೇ ಗೆರೆಯ ಮೇಲೆ ನಿಲ್ಲಿಸಿ "ಎಷ್ಟನೆಯ ಸಾಲಿನ ತನಕ ಕಾಣುತ್ತದೆ?" ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಅಕ್ಷರ ಬಾರದವರಿಗೆ ಬೇರೆ ಹಲಗೆ. ಅದರಲ್ಲಿ ಮೂರು ಹಲ್ಲಿನ ಬಾಚಣಿಗೆಯಂತಹ ಗುರುತು ಯಾವ ಕಡೆ ಬಾಯಿ ತೆರೆದಿದೆ ಎಂದು ಕೈ ತಿರುಗಿಸಿ ತೋರಿಸಿದರೆ ಸಾಕು. ಜನ ನನ್ನನ್ನು "ಕಣ್ಣಿನ ಅಕ್ಕಾವರು" ಎಂದು ಕರೆಯುತ್ತಿದ್ದರು. ಈ ಅಂಕಣದ ಹೆಸರೂ ಅಲ್ಲಿಂದಲೇ ಬಂದದ್ದು.

ಬಹಳಷ್ಟು ಕಾಗದಗಳಲ್ಲಿ ಕಣ್ಣನ್ನು ಕಳ್ಳನಂತೆ ಕಟಕಟೆಯಲ್ಲಿ ನಿಲ್ಲಿಸಿದ್ದೀರಿ. ನನಗೆ ಕಣ್ಣಿನ ಪರ ಮಾತಾಡಬೇಕಾಗಿದೆ. ಕಣ್ಣು ತನ್ನೊಳಗೆ ಬಿದ್ದ ಬೆಳಕನ್ನು ಮೆದುಳಿಗೆ ತಲುಪಿಸುತ್ತದೆ. ಅದು ಏನು, ಎಷ್ಟು ದೂರ, ಎಷ್ಟು ದೊಡ್ಡದು, ಯಾವ ಬಣ್ಣ ಎಂದು ತೀರ್ಮಾನಿಸುವುದು ಮೆದುಳು. ಅದರ ಕೈಗೆ ಪೂರ್ತಿ ಸಾಕ್ಷ್ಯ ಎಂದೂ ಸಿಗುವುದಿಲ್ಲ, ಆದ್ದರಿಂದ ಅದು ಊಹಿಸುತ್ತದೆ. ಆ ಊಹೆ ಬಹುಪಾಲು ಸರಿಯಾಗಿ ಬೀಳುವುದರಿಂದಲೇ ನಾವು ಕತ್ತಲಲ್ಲಿ ಮೆಟ್ಟಿಲು ಇಳಿಯುತ್ತೇವೆ, ಎದುರಿಗೆ ಬರುವ ಬಸ್ಸಿನಿಂದ ಸರಿದು ನಿಲ್ಲುತ್ತೇವೆ. ಅಪರೂಪಕ್ಕೆ ತಪ್ಪಿದಾಗ ಅದಕ್ಕೆ ದೃಷ್ಟಿಭ್ರಮೆ ಎಂದು ಹೆಸರಿಡುತ್ತೇವೆ.

ಪ್ರಶ್ನೆ: ನಾನು ಎಂಟನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಹುಣ್ಣಿಮೆಯ ಸಂಜೆ ನಮ್ಮ ಅಡಿಕೆ ತೋಟದ ಆಚೆ ಚಂದ್ರ ಹುಟ್ಟುವಾಗ ಊಟದ ಹರಿವಾಣದಷ್ಟು ದೊಡ್ಡವನಾಗಿ ಕಾಣುತ್ತಾನೆ. ನೆತ್ತಿಯ ಮೇಲೆ ಬರುವಷ್ಟರಲ್ಲಿ ಲಿಂಬೆಹಣ್ಣಿನಷ್ಟಾಗುತ್ತಾನೆ. ಅಪ್ಪ ಮೊಬೈಲಿನಲ್ಲಿ ಫೋಟೊ ತೆಗೆದರೆ ಹುಟ್ಟುವ ಚಂದ್ರನೂ ಸಣ್ಣ ಚುಕ್ಕೆ. ಯಾರು ಹೇಳುವುದು ಸುಳ್ಳು, ಕಣ್ಣೋ ಮೊಬೈಲೋ? (ಒಬ್ಬ ವಿದ್ಯಾರ್ಥಿ, ಶಿರಸಿ)

ಉತ್ತರ: ತಮ್ಮಾ, ನಿಮ್ಮ ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರಲ್ಲ, ಅದರ ಒಂದು ಒಣ ಕಾಳು ತೆಗೆದುಕೊ. ಮುಂದಿನ ಹುಣ್ಣಿಮೆಗೆ ಚಂದ್ರ ಹುಟ್ಟುವಾಗ ಒಂದು ಕಣ್ಣು ಮುಚ್ಚಿ, ತೋಳನ್ನು ಪೂರ್ತಿ ಚಾಚಿ, ಆ ಕಾಳನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು ಚಂದ್ರನ ಮುಂದೆ ತಾ. ಹರಿವಾಣದಷ್ಟಿದ್ದ ಚಂದ್ರ ಒಂದು ಮೆಣಸಿನ ಕಾಳಿನ ಹಿಂದೆ ಹೆಚ್ಚುಕಡಿಮೆ ಅಡಗಿಹೋಗುತ್ತಾನೆ. ನಿದ್ದೆ ತಡೆದು ರಾತ್ರಿ ಹನ್ನೆರಡಕ್ಕೆ ಅದೇ ಕಾಳು, ಅದೇ ತೋಳು, ಅದೇ ಕಣ್ಣಿನಿಂದ ಮತ್ತೆ ನೋಡು. ಆಗಲೂ ಅಷ್ಟೇ ಅಡಗುತ್ತಾನೆ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಹುಟ್ಟುವಾಗಲೂ ಅಷ್ಟೇ, ನೆತ್ತಿಯ ಮೇಲೂ ಅಷ್ಟೇ. ಮೊಬೈಲು ನಿಜ ಹೇಳಿದೆ.

ಲೆಕ್ಕ ಹಾಕಿದರೆ ಹುಟ್ಟುವ ಚಂದ್ರ ಒಂದು ಕೂದಲೆಳೆಯಷ್ಟು ಚಿಕ್ಕವನೇ. ಚಂದ್ರ ನಮ್ಮಿಂದ ಸರಾಸರಿ 3,84,000 ಕಿ.ಮೀ. ದೂರದಲ್ಲಿದ್ದಾನೆ. ಅವನು ನೆತ್ತಿಯ ಮೇಲಿದ್ದಾಗ ನಾವು ಭೂಮಿಯ ಅವನ ಕಡೆಯ ಮಗ್ಗುಲಲ್ಲಿರುತ್ತೇವೆ, ಅಂಚಿನಲ್ಲಿ ಹುಟ್ಟುವಾಗ ಸುಮಾರು 6,400 ಕಿ.ಮೀ., ಅಂದರೆ ಭೂಮಿಯ ಅರ್ಧ ದಪ್ಪದಷ್ಟು, ಹಿಂದೆ ಇರುತ್ತೇವೆ. ನೂರಕ್ಕೆ ಒಂದೂವರೆ ಪಾಲಿನ ವ್ಯತ್ಯಾಸ. ಕಣ್ಣಿಗೆ ಗೊತ್ತಾಗುವಂಥದ್ದಲ್ಲ.

ಹಾಗಾದರೆ ಹರಿವಾಣ ಎಲ್ಲಿಂದ ಬಂತು? ಇನ್ನೊಂದು ಆಟ ಆಡು. ಬಲಗೈಯನ್ನು ಪೂರ್ತಿ ಚಾಚು, ಎಡಗೈಯನ್ನು ಅದರ ಅರ್ಧ ದೂರದಲ್ಲಿ ಹಿಡಿ. ಎರಡೂ ಅಂಗೈ ಒಂದೇ ಅಳತೆಯಾಗಿ ಕಾಣುತ್ತವೆ. ಈಗ ಒಂದು ಕಣ್ಣು ಮುಚ್ಚಿ ಎಡಗೈಯನ್ನು ಬಲಗೈಯ ಮುಂದೆ ಸರಿಸು. ಹತ್ತಿರದ ಅಂಗೈ ದೂರದ್ದನ್ನು ಪೂರ್ತಿ ನುಂಗಿಬಿಡುತ್ತದೆ! ನಿನ್ನ ಕಣ್ಣಿನೊಳಗೆ ಎಡಗೈಯ ಚಿತ್ರ ಮೊದಲಿನಿಂದಲೂ ಎರಡು ಪಟ್ಟು ದೊಡ್ಡದಾಗಿಯೇ ಇತ್ತು. ಮೆದುಳು ದೂರವನ್ನು ಲೆಕ್ಕಕ್ಕೆ ಹಿಡಿದು "ಎರಡೂ ಒಂದೇ" ಎಂದು ಸರಿಪಡಿಸಿ ನಿನಗೆ ತೋರಿಸುತ್ತಿತ್ತು. ಈ ಸರಿಪಡಿಸುವಿಕೆ ಇರದಿದ್ದರೆ ಅಂಗಳದ ತುದಿಯಲ್ಲಿ ನಿಂತ ಅಮ್ಮ ನಿನಗೆ ಗೊಂಬೆಯಂತೆ ಕಾಣುತ್ತಿದ್ದರು. ಚಂದ್ರನ ವಿಷಯದಲ್ಲೂ ಮೆದುಳು ಇದನ್ನೇ ಮಾಡುತ್ತದೆ ಎಂಬುದು ಹಳೆಯ ವಿವರಣೆ. ತೋಟ, ಗುಡ್ಡ, ಮನೆಗಳನ್ನು ದಾಟಿ ಆಚೆ ಇರುವ ಆಕಾಶದ ಅಂಚು ಬಲು ದೂರ ಅನ್ನಿಸುತ್ತದೆ, ಖಾಲಿ ನೆತ್ತಿ ಅಷ್ಟು ದೂರ ಅನ್ನಿಸುವುದಿಲ್ಲ. ಅಷ್ಟು ದೂರದಲ್ಲಿದ್ದೂ ಇಷ್ಟು ಕಾಣಬೇಕಾದರೆ ದೊಡ್ಡದೇ ಇರಬೇಕು ಎಂಬ ಊಹೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಥಮ್ ಎಂಬ ವಿದ್ವಾಂಸ ಸಾವಿರ ವರ್ಷದ ಹಿಂದೆಯೇ ಇದನ್ನು ಮನಸ್ಸಿನ ತೀರ್ಮಾನವೆಂದು ಹೇಳಿದ್ದ. ವಾದ ಪೂರ್ತಿ ಮುಗಿದಿಲ್ಲ. ಏಕೆಂದರೆ ಹುಟ್ಟುವ ಚಂದ್ರ ದೂರವೋ ಹತ್ತಿರವೋ ಎಂದು ಕೇಳಿದರೆ ಹೆಚ್ಚಿನವರು "ಹತ್ತಿರ" ಎಂದೇ ಹೇಳುತ್ತಾರೆ. ನಿನ್ನ ಗೆಳೆಯರನ್ನು ಕೇಳಿ ನೋಡು. ಗಾಳಿ ಭೂತಗನ್ನಡಿಯಂತೆ ಚಂದ್ರನನ್ನು ಹಿಗ್ಗಿಸುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡ. ಅಂಚಿನಲ್ಲಿ ಗಾಳಿ ಬೆಳಕನ್ನು ಬಾಗಿಸುವುದರಿಂದ ಚಂದ್ರ ಮೇಲೆ ಕೆಳಗೆ ತುಸು ಚಪ್ಪಟೆಯಾಗುತ್ತಾನೆ, ದೊಡ್ಡವನಾಗುವುದಿಲ್ಲ.

ಪ್ರಶ್ನೆ: ಲಾರಿ ಚಾಲಕ. ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಮಧ್ಯಾಹ್ನ ಹೋಗುವಾಗ ರಸ್ತೆಯ ಮೇಲೆ ನೀರು ನಿಂತಂತೆ ಕಾಣುತ್ತದೆ, ಹತ್ತಿರ ಹೋದರೆ ಇರುವುದಿಲ್ಲ. ನನ್ನ ಕಣ್ಣಿಗೆ ಏನಾದರೂ ಆಗಿದೆಯೇ? (ಒಬ್ಬ ಓದುಗರು, ಹಿರಿಯೂರು)

ಉತ್ತರ: ಅಣ್ಣಾ, ಏನೂ ಆಗಿಲ್ಲ. ಅದು ಬಿಸಿಲುಗುದುರೆ. ಕಾದ ಡಾಂಬರಿಗೆ ತಾಗಿದ ಗಾಳಿ ಬಿಸಿಯಾಗಿ ಹಗುರವಾಗಿರುತ್ತದೆ. ಆಕಾಶದಿಂದ ಓರೆಯಾಗಿ ಇಳಿದು ಬರುವ ಬೆಳಕು ಆ ಪದರದಲ್ಲಿ ಮೇಲಕ್ಕೆ ಬಾಗಿ ನಿಮ್ಮ ಕಣ್ಣಿಗೆ ಬರುತ್ತದೆ. ನೀವು ನೋಡುತ್ತಿರುವುದು ರಸ್ತೆಯ ಮೇಲೆ ಬಿದ್ದ ಆಕಾಶದ ತುಣುಕು. ಪಕ್ಕದಲ್ಲಿ ಕುಳಿತ ಕ್ಲೀನರ್ ಹುಡುಗನಿಗೆ ಹೇಳಿ ಫೋಟೊ ತೆಗೆಸಿ, ಮೊಬೈಲಿಗೂ ಅದು ಸಿಗುತ್ತದೆ. ನನ್ನ ಮೊದಲ ಜರಡಿ ಇದೇ: ಕ್ಯಾಮೆರಾಕ್ಕೂ ಕಂಡರೆ ಅದು ಹೊರಗಿನ ಬೆಳಕಿನ ಆಟ, ಕ್ಯಾಮೆರಾಕ್ಕೆ ಕಾಣದೆ ನಮಗೆ ಮಾತ್ರ ಕಂಡರೆ ಮೆದುಳಿನ ಊಹೆ. ಹಂಪಿಯ ವಿರೂಪಾಕ್ಷ ದೇವಾಲಯದೊಳಗಿನ ಕತ್ತಲ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನು ಎಷ್ಟೋ ಜನ ಭ್ರಮೆ ಎಂದು ಬರೆದಿದ್ದಾರೆ. ಅದು ಭ್ರಮೆಯಲ್ಲ. ಸಣ್ಣ ಕಿಂಡಿಯಲ್ಲಿ ನೇರವಾಗಿ ತೂರಿದ ಬೆಳಕು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದೆ. ಹಳೆಯ ಪೆಟ್ಟಿಗೆ ಕ್ಯಾಮೆರಾದ ಕೆಲಸವೂ ಇದೇ.

ಒಂದು ಮಾತು ನೀವು ಕೇಳದಿದ್ದರೂ ಹೇಳುತ್ತೇನೆ. ರಾತ್ರಿ ಎದುರು ಬರುವ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಅಥವಾ ಬೆಳಕು ಒಡೆದು ಕಣ್ಣಿಗೆ ರಾಚಿದರೆ, ಅದನ್ನು ಬಿಸಿಲುಗುದುರೆಯ ಲೆಕ್ಕಕ್ಕೆ ಸೇರಿಸಬೇಡಿ. ಪೊರೆಗೂ, ಕಣ್ಣಿನ ಒತ್ತಡಕ್ಕೂ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮದು ಕೂಲಿ ಮಗ್ಗ. ಒಂದೇ ಲಡಿಯ ಬೂದು ರೇಷ್ಮೆಯನ್ನು ಎರಡು ಸೀರೆಗಳಿಗೆ ಗೆರೆಯಾಗಿ ಹಾಕಿದ್ದೆ. ಕೆಂಪು ಸೀರೆಯಲ್ಲಿ ಆ ಗೆರೆ ಹಸಿರು ಕಳೆ ಪಡೆಯಿತು, ಹಸಿರು ಸೀರೆಯಲ್ಲಿ ತುಸು ಕೆಂಪಾಯಿತು. ನೂಲು ಕೊಟ್ಟ ಸಾಹುಕಾರರು "ನೂಲು ಬದಲಾಯಿಸಿದ್ದೀಯ" ಎಂದು ಕೂಲಿಯಲ್ಲಿ ಮುರಿದುಕೊಂಡರು. ದೇವರಾಣೆ, ನೂಲು ಒಂದೇ. (ಒಬ್ಬ ನೇಕಾರರು, ಇಳಕಲ್)

ಉತ್ತರ: ಅಣ್ಣಾ, ನಿಮ್ಮ ಕಾಗದ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನೀವು ಹೇಳಿದ್ದು ನಿಜವೆಂದು ತೋರಿಸಿಕೊಡಲು ಸಾಧ್ಯವಿದೆ.

ಓದಿದ ದಿನವೇ ನಾನು ಮಂಚದ ಮೇಲೆ ಒಂದು ಕೆಂಪು ಸೀರೆ, ಪಕ್ಕದಲ್ಲಿ ಒಂದು ಗಿಳಿಹಸಿರು ಸೀರೆ ಹಾಸಿದೆ. ಒಂದೇ ಬೂದು ರಟ್ಟಿನಿಂದ ಬೆರಳಗಲದ ಎರಡು ಪಟ್ಟಿ ಕತ್ತರಿಸಿ ಒಂದೊಂದರ ಮೇಲೆ ಇಟ್ಟೆ. ಕೆಂಪಿನ ಮೇಲಿನ ಪಟ್ಟಿಗೆ ಪಾಚಿಯ ಬಣ್ಣ ಬಂತು. ಹಸಿರಿನ ಮೇಲಿನದು ಒಣಗಿದ ಗುಲಾಬಿ ಎಸಳಿನಂತಾಯಿತು. ನನ್ನ ಕೈಯಾರೆ ಕತ್ತರಿಸಿದ ಪಟ್ಟಿಗಳು, ಆದರೂ ಬೇರೆ ಬೇರೆ. ಆಮೇಲೆ ಒಂದು ಹಳೆಯ ಲಗ್ನಪತ್ರಿಕೆಯ ಬಿಳಿ ಬೆನ್ನಿಗೆ ಎರಡು ತೂತು ಮಾಡಿದೆ. ಎರಡು ಸೀರೆಗಳ ಅಂಚು ಕೂಡಿಸಿ, ಪಟ್ಟಿಗಳನ್ನು ಹತ್ತಿರ ತಂದು, ಒಂದು ತೂತಿನಲ್ಲಿ ಒಂದು ಪಟ್ಟಿ ಮಾತ್ರ ಕಾಣುವಂತೆ ಪತ್ರಿಕೆ ಮುಚ್ಚಿದೆ. ಕೆಂಪೂ ಇಲ್ಲ, ಹಸಿರೂ ಇಲ್ಲ. ಎರಡು ತೂತಿನಲ್ಲೂ ಒಂದೇ ಬೂದು. ಪತ್ರಿಕೆ ತೆಗೆದೆ, ಮತ್ತೆ ಬೇರೆಯಾದವು. ಬಾಗಿಲ ಹತ್ತಿರದ ಹಗಲು ಬೆಳಕಿನಲ್ಲಿ ಮಾಡಿ, ಎರಡಕ್ಕೂ ಒಂದೇ ಬೆಳಕು ಬೀಳುವಂತೆ ನೋಡಿಕೊಳ್ಳಿ. ಸಾಹುಕಾರರ ಕೈಗೇ ಆ ಪತ್ರಿಕೆ ಕೊಟ್ಟು ಅವರೇ ಮುಚ್ಚಿ ತೆಗೆಯಲಿ.

ನಿಮಗಾದದ್ದು ಹಿಂದೆ ಪ್ಯಾರಿಸ್ ನಗರದ ದೊಡ್ಡ ಕಾರ್ಖಾನೆಯೊಂದಕ್ಕೂ ಆಗಿತ್ತು. ಗೋಬೆಲಿನ್ ಎಂಬ ಆ ನೇಯ್ಗೆಯ ಕಾರ್ಖಾನೆಗೆ 1824ರಲ್ಲಿ ಮಿಷೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿ ಬಂದ. ನೀಲಿ, ನೇರಳೆ ಬಟ್ಟೆಯ ನೆರಳಿಗೆ ಬಳಸಿದ ಕಪ್ಪು ಉಣ್ಣೆ ಸತ್ವವಿಲ್ಲದಂತೆ ಕಾಣುತ್ತದೆ ಎಂಬ ದೂರು ಅವನ ಮುಂದಿತ್ತು. ಬೇರೆ ಕಡೆಯ ಕಪ್ಪು ಉಣ್ಣೆಯ ಜೊತೆ ಹೋಲಿಸಿ ನೋಡಿದ. ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ನೀಲಿ, ನೇರಳೆಗಳೇ ಆ ಕಪ್ಪನ್ನು ಬಡವಾಗಿಸುತ್ತಿದ್ದವು. ವರ್ಷಗಟ್ಟಲೆ ಪ್ರಯೋಗ ಮಾಡಿ 1839ರಲ್ಲಿ ಅದರ ನಿಯಮವನ್ನೇ ಪ್ರಕಟಿಸಿದ. ಅಕ್ಕಪಕ್ಕ ಬಿದ್ದ ಎರಡು ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಪ್ರತಿಯೊಂದೂ ತನ್ನ ಎದುರು ಬಣ್ಣದ ಕಳೆಯನ್ನು ನೆರೆಯ ಬಣ್ಣಕ್ಕೆ ಹಚ್ಚುತ್ತದೆ. ಕೆಂಪಿನ ಎದುರು ಹಸಿರು, ಹಸಿರಿನ ಎದುರು ಕೆಂಪು. ನಿಮ್ಮ ಬೂದು ಗೆರೆಗೆ ಆದದ್ದು ಅಷ್ಟೇ.

ಕಣ್ಣು ಮೆದುಳುಗಳು ಹೀಗೇಕೆ ಮಾಡಬೇಕು? ಬೆಳಕು ದಿನವಿಡೀ ಬದಲಾಗುತ್ತದೆ. ಸಂಜೆಯ ಹಳದಿ ಬಿಸಿಲು, ಮೋಡದ ನೀಲಿ ಬೆಳಕು, ಮನೆಯೊಳಗಿನ ದೀಪ, ಒಂದೊಂದೂ ಒಂದೊಂದು ತರಹ. ಬಟ್ಟೆಯಿಂದ ಬರುವ ಬೆಳಕನ್ನು ಹಾಗೆಯೇ ನಂಬಿದರೆ ಒಂದೇ ಸೀರೆ ಗಂಟೆಗೊಂದು ಬಣ್ಣವಾದೀತು. ಆದ್ದರಿಂದ ದೃಷ್ಟಿಯ ಜೀವಕೋಶಗಳು ನೆರೆಹೊರೆಗೆ ಹೋಲಿಸಿ ವ್ಯತ್ಯಾಸವನ್ನೇ ಹೆಚ್ಚಾಗಿ ವರದಿ ಮಾಡುತ್ತವೆ. ಅಮೆರಿಕದ ಎಡ್ವರ್ಡ್ ಏಡೆಲ್ಸನ್ 1995ರಲ್ಲಿ ಒಂದು ಚಿತ್ರ ಮಾಡಿದರು. ಚದುರಂಗದ ಹಾಸಿನ ಮೇಲೆ ಒಂದು ಉರುಳೆಯ ನೆರಳು ಬಿದ್ದಿದೆ. ನೆರಳಿನೊಳಗಿನ "ಬಿಳಿ" ಮನೆ, ಹೊರಗಿನ "ಕಪ್ಪು" ಮನೆ, ಎರಡೂ ಮುದ್ರಣದಲ್ಲಿ ಒಂದೇ ಬೂದು. ಯಾರಿಗೆ ತೋರಿಸಿದರೂ ಮೊದಲು ನಂಬುವುದಿಲ್ಲ. 2015ರಲ್ಲಿ ಮೊಬೈಲುಗಳಲ್ಲಿ ಹರಿದಾಡಿದ ಉಡುಪಿನ ಚಿತ್ರ ನೆನಪಿದೆಯೇ? ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನ. ನಿಜದಲ್ಲಿ ಅದು ನೀಲಿ-ಕಪ್ಪು. ಆ ಚಿತ್ರದಲ್ಲಿ ಬೆಳಕು ಯಾವುದೆಂದು ತಿಳಿಯಲು ಗುರುತು ಸಾಲದಾಗಿ, ಒಬ್ಬೊಬ್ಬರ ಮೆದುಳು ಒಂದೊಂದು ಬೆಳಕನ್ನು ಊಹಿಸಿತು. ಒಂದೇ ಮಂಚದ ಮೇಲೆ ಕುಳಿತ ಗಂಡ ಹೆಂಡತಿ ಜಗಳವಾಡಿದರು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದರು.

ಮುರಿದುಕೊಂಡ ಕೂಲಿ ವಾಪಸು ಬಂದರೆ ಒಂದು ಕಾರ್ಡು ಬರೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಜೋಗಕ್ಕೆ ಹೋಗಿದ್ದೆವು. ರಾಜಾ ಧಾರೆಯನ್ನೇ ಬಹಳ ಹೊತ್ತು ನೋಡಿ ಪಕ್ಕದ ಬಂಡೆಯ ಕಡೆ ತಿರುಗಿದರೆ ಬಂಡೆ ಮೆಲ್ಲಗೆ ಮೇಲಕ್ಕೆ ಏರುತ್ತಿತ್ತು. ತಲೆ ಸುತ್ತಿದ್ದೇ? (ಒಬ್ಬ ಕಾಲೇಜು ವಿದ್ಯಾರ್ಥಿನಿ, ಸಾಗರ)

ಉತ್ತರ: ಚೆನ್ನಾಗಿ ನೋಡಿದ್ದೀಯ ತಂಗೀ, ಇದನ್ನು ಗಮನಿಸುವವರು ಕಡಿಮೆ. ಸ್ಕಾಟ್‌ಲೆಂಡಿನ ಫಾಯರ್ಸ್ ಜಲಪಾತದ ಎದುರು ನಿಂತ ರಾಬರ್ಟ್ ಆಡಮ್ಸ್ ಎಂಬವರು ಇದನ್ನೇ ಕಂಡು 1834ರಲ್ಲಿ ಬರೆದರು. ಅಂದಿನಿಂದ ಇದಕ್ಕೆ ಜಲಪಾತದ ಭ್ರಮೆ ಎಂದೇ ಹೆಸರು. ಜೋಗದ 253 ಮೀಟರಿನ ಧುಮುಕು ಇದಕ್ಕೆ ಹೇಳಿ ಮಾಡಿಸಿದ ಜಾಗ.

ಮೆದುಳಿನಲ್ಲಿ ಕೆಳಮುಖ ಚಲನೆಗೆ ಸ್ಪಂದಿಸುವ ಕೋಶಗಳು ಬೇರೆ, ಮೇಲ್ಮುಖಕ್ಕೆ ಬೇರೆ. ನಿಂತ ವಸ್ತುವನ್ನು ನೋಡುವಾಗ ಎರಡೂ ಸಮ ಸಮ, ತಕ್ಕಡಿ ನೆಟ್ಟಗಿರುತ್ತದೆ. ಒಂದು ನಿಮಿಷ ಎಡೆಬಿಡದೆ ಬೀಳುವ ನೀರನ್ನು ನೋಡಿದರೆ ಕೆಳಮುಖದ ಕೋಶಗಳ ಸ್ಪಂದನ ಕುಗ್ಗುತ್ತದೆ. ಆಮೇಲೆ ಬಂಡೆಯ ಕಡೆ ತಿರುಗಿದಾಗ ಮೇಲ್ಮುಖದ ತಟ್ಟೆಯೇ ಭಾರ. ಅದಕ್ಕೇ ಬಂಡೆ ಏರುತ್ತದೆ. ಇನ್ನೊಂದು ಸೊಗಸು ಗಮನಿಸಿದೆಯಾ? ಬಂಡೆ ಏರುತ್ತಲೇ ಇರುತ್ತದೆ, ಆದರೆ ಇದ್ದ ಜಾಗ ಬಿಡುವುದಿಲ್ಲ. ಚಲನೆಯನ್ನು ಅಳೆಯುವವರು ಬೇರೆ, ಸ್ಥಾನವನ್ನು ಗುರುತಿಸುವವರು ಬೇರೆ ಎಂದು ಅಲ್ಲಿ ನಿಂತವರಿಗೆ ಕಣ್ಣಾರೆ ಗೊತ್ತಾಗುತ್ತದೆ. ಜೋಗ ದೂರವಿರುವವರು ಸಿನಿಮಾ ಮುಗಿದ ಮೇಲೆ ಮೇಲಕ್ಕೆ ಸರಿಯುವ ಹೆಸರುಗಳನ್ನು ಕೊನೆಯ ತನಕ ನೋಡಲಿ. ಸಾಲು ನಿಂತ ಕ್ಷಣ ಪರದೆ ಕೆಳಗೆ ಕುಸಿದಂತೆ ಕಾಣುತ್ತದೆ.

ಪ್ರಶ್ನೆ: ಸಂಸ್ಕೃತ ಉಪಾಧ್ಯಾಯನಾಗಿ ನಿವೃತ್ತನಾದವನು. ಹಗ್ಗವನ್ನು ಹಾವೆಂದು ಕಂಡವನಿಗೆ ದೀಪ ತಂದು ತೋರಿಸಿದರೆ ಹಾವು ಹೋಗುತ್ತದೆ. ಆದರೆ ಮೊಮ್ಮಗಳ ಪುಸ್ತಕದಲ್ಲಿ ಎರಡು ಗೆರೆಗಳಿವೆ. ಒಂದರ ತುದಿಗೆ ಬಾಣದ ಮೊನೆ, ಇನ್ನೊಂದರ ತುದಿಗೆ ಕವಲು. ಅಳೆದು ಸಮವೆಂದು ತಿಳಿದ ಮೇಲೂ ಕವಲಿನ ಗೆರೆ ಉದ್ದವಾಗಿಯೇ ಕಾಣುತ್ತದೆ. ಜ್ಞಾನ ಬಂದರೂ ಭ್ರಮೆ ಹೋಗದಿರುವುದು ಹೇಗೆ? (ಒಬ್ಬ ಓದುಗರು, ಮೈಸೂರು)

ಉತ್ತರ: ಗುರುಗಳೇ, ಈ ತಿಂಗಳು ನನ್ನನ್ನು ಅತಿ ಹೆಚ್ಚು ಹೊತ್ತು ಕೂರಿಸಿದ ಪ್ರಶ್ನೆ ಇದು. ಉತ್ತರದ ಬೀಜ ನಿಮ್ಮ ಶಾಸ್ತ್ರದಲ್ಲೇ ಇದೆ. ಶಂಕರರು ಅಧ್ಯಾಸಭಾಷ್ಯದಲ್ಲಿ ಕಪ್ಪೆಚಿಪ್ಪು ಬೆಳ್ಳಿಯಂತೆ ತೋರುವುದನ್ನೂ, ಒಬ್ಬನೇ ಚಂದ್ರ ಇಬ್ಬರಂತೆ ತೋರುವುದನ್ನೂ ಒಟ್ಟಿಗೇ ಹೇಳುತ್ತಾರೆ. ನನ್ನಂತಹ ಕಣ್ಣಿನ ಕೆಲಸದವಳಿಗೆ ಇವು ಎರಡು ಜಾತಿ. ಚಿಪ್ಪನ್ನು ಕೈಗೆತ್ತಿಕೊಂಡರೆ ಬೆಳ್ಳಿ ಮಾಯ. ಕಣ್ಣಿನ ಮಗ್ಗುಲನ್ನು ರೆಪ್ಪೆಯ ಮೇಲಿನಿಂದ ಬೆರಳಿನಿಂದ ಮೆಲ್ಲಗೆ ಒತ್ತಿ ಚಂದ್ರನನ್ನು ನೋಡಿ, ಇಬ್ಬರಾಗುತ್ತಾರೆ. ಒಬ್ಬನೇ ಎಂದು ಎಷ್ಟು ಬಲ್ಲವರಾದರೂ ಬೆರಳು ತೆಗೆಯುವ ತನಕ ಇಬ್ಬರೇ. ಗೌಡಪಾದರು ಹೇಳುವ ಅಲಾತಚಕ್ರವೂ ಹಾಗೆಯೇ. ಕೈಯಲ್ಲಿ ತಿರುಗುತ್ತಿರುವುದು ಒಂದೇ ಕೊಳ್ಳಿ ಎಂದು ತಿರುಗಿಸುವವನಿಗೇ ಗೊತ್ತು, ಆದರೂ ಬೆಂಕಿಯ ಬಳೆ ಕಾಣುತ್ತಲೇ ಇರುತ್ತದೆ.

ಹಗ್ಗ-ಹಾವಿನಲ್ಲಿ ತಪ್ಪಿದ್ದು "ಇದು ಏನು" ಎಂಬ ಗುರುತು. ಬೆಳಕು ಬಂದಾಗ ಹೊಸ ಸಾಕ್ಷ್ಯ ಸಿಕ್ಕಿತು, ತೀರ್ಪು ಬದಲಾಯಿತು. ನಿಮ್ಮ ಎರಡು ಗೆರೆಗಳಲ್ಲಿ ಹೊಸ ಬೆಳಕೇನೂ ಕಣ್ಣಿಗೆ ಬರುವುದಿಲ್ಲ. ಅಳತೆಪಟ್ಟಿ ಹೇಳಿದ್ದು ಬುದ್ಧಿಗೆ ತಲುಪಿತು. ಉದ್ದವನ್ನು ಅಂದಾಜಿಸುವ ಕೆಲಸ ಅದಕ್ಕಿಂತ ಎಷ್ಟೋ ಮೊದಲೇ, ನಾವು ಕೇಳದೆಯೇ, ಕ್ಷಣದಲ್ಲಿ ಮುಗಿದಿರುತ್ತದೆ. ಬುದ್ಧಿ ಅಲ್ಲಿಗೆ ಹೋಗಿ ತಿದ್ದಲಾರದು.

ಆ ಚಿತ್ರವನ್ನು 1889ರಲ್ಲಿ ಪ್ರಕಟಿಸಿದವರು ಜರ್ಮನಿಯ ಮುಲ್ಲರ್-ಲಯರ್. ಅದು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಾಣುತ್ತದೆಯೇ ಎಂಬ ಪ್ರಶ್ನೆ ನಮ್ಮ ನೀಲಗಿರಿಯ ತನಕ ಬಂದಿತ್ತು. ಇಂಗ್ಲೆಂಡಿನ ರಿವರ್ಸ್ ಎಂಬ ವಿಜ್ಞಾನಿ 1901-02ರಲ್ಲಿ ಅಲ್ಲಿಯ ತೋಡರೆಂಬ ಬುಡಕಟ್ಟಿನವರ ನಡುವೆ ಇದ್ದು ಈ ಪರೀಕ್ಷೆ ಮಾಡಿದರು. ತೋಡರು ಇಂಗ್ಲಿಷರಿಗಿಂತ ಕಡಿಮೆ ಏಮಾರಿದರು. ಚೌಕದ ಕೋಣೆ, ನೇರ ಮೂಲೆಗಳ ನಡುವೆ ಬೆಳೆದವರ ಕಣ್ಣಿಗೆ ಮಾತ್ರ ಇದು ಬಲವಾಗಿ ಅಂಟುತ್ತದೆ, ಬದುಕಿನಲ್ಲಿ ಕಲಿತದ್ದು ಎಂಬ ವಾದ ಮುಂದೆ ಬಲವಾಯಿತು. ತೋಡರ ಮನೆ ಕಮಾನಿನಂತೆ ಬಾಗಿದ್ದು ಎಂಬುದನ್ನು ನೆನೆದರೆ ವಾದ ಒಪ್ಪುವಂತೆಯೇ ಕಾಣುತ್ತದೆ. ಆದರೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನನ್ನು ಅಲುಗಾಡಿಸಿತು. ದೃಷ್ಟಿಯ ಬಗ್ಗೆ ಸಂಶೋಧನೆ ಮಾಡುವ ಪವನ್ ಸಿನ್ಹಾ ಅವರ ತಂಡ ಉತ್ತರ ಭಾರತದಲ್ಲಿ ಹುಟ್ಟಿನಿಂದ ಪೊರೆ ಕಟ್ಟಿ ಕುರುಡಾಗಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. 8ರಿಂದ 16 ವರ್ಷದ 9 ಮಕ್ಕಳಿಗೆ ದೃಷ್ಟಿ ಬಂದ ಕೂಡಲೇ ಇದೇ ಗೆರೆಗಳನ್ನು ತೋರಿಸಿದರು. ಜಗತ್ತನ್ನು ಆಗತಾನೇ ನೋಡುತ್ತಿದ್ದ ಆ ಮಕ್ಕಳಿಗೂ ಕವಲಿನ ಗೆರೆಯೇ ಉದ್ದವಾಗಿ ಕಂಡಿತು. ನಮ್ಮ ಕಡೆ ಮೋತಿಬಿಂದು ಎನ್ನುವ ಪೊರೆಯನ್ನು ತೆಗೆದ ಮರುದಿನ ಕಣ್ಣಿನ ಪಟ್ಟಿ ಬಿಚ್ಚುವುದನ್ನು ಸಾವಿರ ಸಲ ನೋಡಿದ್ದೇನೆ. ಅಂದು ಮೊದಲ ಸಲ ಕಂಡ ಮಗುವಿನ ಎದುರು ಎರಡು ಗೆರೆ ಹಿಡಿದು ಕುಳಿತವರನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಲಿಕೆಯ ಪಾಲು ಏನೂ ಇಲ್ಲವೆಂದು ಇದರಿಂದ ತೀರ್ಮಾನವಾಗದು, ಆದರೆ ಎಲ್ಲವೂ ಕಲಿಕೆಯಲ್ಲ ಎಂಬುದು ಖಚಿತ.

ಪ್ರಶ್ನೆ: ನಮ್ಮ ಅವ್ವನಿಗೆ 78 ವರ್ಷ, ಎರಡೂ ಕಣ್ಣು ಮಂಜಾಗಿವೆ. ಸಂಜೆ ಪಡಸಾಲೆಯಲ್ಲಿ ಕುಳಿತಾಗ ಟೋಪಿ ಹಾಕಿದ ಸಣ್ಣ ಸಣ್ಣ ಮಕ್ಕಳು ಸಾಲಾಗಿ ಹೋಗುತ್ತಾರೆ, ಮಾತಾಡುವುದಿಲ್ಲ, ಗೋಡೆಯ ತನಕ ಹೋಗಿ ಇಲ್ಲವಾಗುತ್ತಾರೆ ಎಂದಳು. ಅವಳಿಗೆ ಹೆದರಿಕೆ ಇರಲಿಲ್ಲ, ನಮಗೇ ಹೆದರಿಕೆಯಾಯಿತು. ಅಣ್ಣ ಒಬ್ಬರ ಹತ್ತಿರ ಕರೆದೊಯ್ದು ತಾಯಿತ ಕಟ್ಟಿಸಿದ. ಅಂದಿನಿಂದ ಅವ್ವ ಆ ಮಾತೇ ಎತ್ತುವುದಿಲ್ಲ, ಗೋಡೆ ನೋಡುತ್ತಾ ಕೂರುತ್ತಾಳೆ. ಅವಳಿಗೆ ಬುದ್ಧಿ ಕೆಡುತ್ತಿದೆಯೇ? (ಒಬ್ಬ ಓದುಗರು, ಹಾನಗಲ್ ತಾಲ್ಲೂಕು)

ಉತ್ತರ: ತಂಗೀ, ಮೊದಲು ನೀನು ಒಂದು ಪ್ರಯೋಗ ಮಾಡು. ಬಿಳಿ ಹಾಳೆಯ ಮೇಲೆ 8 ಸೆಂ.ಮೀ. ಅಂತರದಲ್ಲಿ ಎರಡು ಮೆಣಸಿನ ಕಾಳು ಅಂಟಿಸು, ಒಂದು ಎಡಕ್ಕೆ, ಒಂದು ಬಲಕ್ಕೆ. ಎಡಗಣ್ಣು ಮುಚ್ಚು. ಬಲಗಣ್ಣಿನಿಂದ ಎಡಗಡೆಯ ಕಾಳನ್ನೇ ನೋಡುತ್ತಾ ಹಾಳೆಯನ್ನು ಮುಖದ ಹತ್ತಿರಕ್ಕೆ ಮೆಲ್ಲಗೆ ತಾ. ಸುಮಾರು 30 ಸೆಂ.ಮೀ. ದೂರದಲ್ಲಿ ಬಲಗಡೆಯ ಕಾಳು ಮಾಯವಾಗುತ್ತದೆ. ನರ ಕಣ್ಣಿನಿಂದ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯಟ್ 17ನೆಯ ಶತಮಾನದಲ್ಲಿ ಕಂಡುಹಿಡಿದ ಕುರುಡು ಚುಕ್ಕೆ ಅದು. ಕಾಳು ಹೋದ ಜಾಗದಲ್ಲಿ ನಿನಗೆ ಏನು ಕಂಡಿತು? ಕಪ್ಪು ತೂತು ಕಾಣಲಿಲ್ಲ, ಬಿಳಿ ಹಾಳೆ ಕಂಡಿತು. ಅಲ್ಲಿಂದ ಕಣ್ಣು ಏನನ್ನೂ ಕಳಿಸಲಿಲ್ಲ, ಮೆದುಳೇ ಸುತ್ತಲಿನದನ್ನು ನೋಡಿ ತುಂಬಿಸಿತು. ಹುಟ್ಟಿದಂದಿನಿಂದ ನಮ್ಮೆಲ್ಲರ ಮೆದುಳೂ ಹೀಗೆ ತುಂಬಿಸುತ್ತಲೇ ಇದೆ.

ನಿಮ್ಮ ಅವ್ವನ ಕಣ್ಣಿನಿಂದ ಬರುವ ಸಂದೇಶ ಬಹಳ ಕಡಿಮೆಯಾಗಿದೆ. ಕೆಲಸವಿಲ್ಲದ ಮೆದುಳಿನ ದೃಷ್ಟಿಯ ಭಾಗ ತನ್ನಷ್ಟಕ್ಕೆ ತಾನೇ ಚಿತ್ರ ಕಟ್ಟುತ್ತಿರಬಹುದು. ಜಿನೀವಾದ ಚಾರ್ಲ್ಸ್ ಬಾನೆ ಎಂಬ ನಿಸರ್ಗವಿಜ್ಞಾನಿ 1760ರಲ್ಲಿ ತನ್ನ ಅಜ್ಜನ ಬಗ್ಗೆ ಇದನ್ನೇ ಬರೆದ. ಅಜ್ಜನಿಗೆ ಸುಮಾರು 90 ವರ್ಷ, ಪೊರೆಯಿಂದ ದೃಷ್ಟಿ ಕುಂದಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು. ಜನರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಅವನ ಎದುರು ಬಂದು ಹೋಗುತ್ತಿದ್ದವು, ಅವು ನಿಜವಲ್ಲವೆಂದು ಅವನೇ ಹೇಳುತ್ತಿದ್ದ. ಇಂದು ವೈದ್ಯರು ಇದನ್ನು ಚಾರ್ಲ್ಸ್ ಬಾನೆ ಸಿಂಡ್ರೋಮ್ ಎನ್ನುತ್ತಾರೆ. ಟೋಪಿ ಹಾಕಿದ ಸಣ್ಣ ಆಕಾರದ ಮನುಷ್ಯರು, ಶಬ್ದವಿಲ್ಲ, ಸಂಜೆಯ ಮಂದ ಬೆಳಕು, ಹೆದರಿಕೆ ಇಲ್ಲದಿರುವುದು, ನೀನು ಬರೆದ ಒಂದೊಂದೂ ಅದರ ವರ್ಣನೆಗೆ ಹೊಂದುತ್ತದೆ. ಅದೇ ಆಗಿದ್ದರೆ ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ.

ಒಂದು ಶಿಬಿರದ ನೆನಪು ಹೇಳಬೇಕು. ಗದಗ ಜಿಲ್ಲೆಯ ಒಂದು ಹಳ್ಳಿ. ಎಲ್ಲರ ಪರೀಕ್ಷೆ ಮುಗಿದ ಮೇಲೂ ಒಬ್ಬ ಅಜ್ಜ ಕಟ್ಟೆ ಬಿಟ್ಟು ಏಳಲಿಲ್ಲ. ಜೊತೆಗಿದ್ದವರನ್ನು ಆಚೆ ಕಳಿಸಿ, ಗೋಡೆಯ ತುಂಬ ಚೆಂಡುಹೂವಿನ ತೋಟ ಕಾಣುತ್ತದೆ, ಹೂವಿಗೆ ವಾಸನೆ ಇಲ್ಲ ಎಂದರು. ಎರಡು ವರ್ಷದಿಂದ ಹೆಂಡತಿಗೂ ಹೇಳಿರಲಿಲ್ಲ. ತಲೆ ಕೆಟ್ಟಿದೆ ಎಂದು ಹೊಲದ ವ್ಯವಹಾರದಿಂದ ದೂರ ಇಟ್ಟಾರು ಎಂಬ ಭಯ. ಕಣ್ಣು ಕುಂದಿದವರಿಗೆ ಹೀಗಾಗುವುದುಂಟು, ಇದಕ್ಕೆ ಹೆಸರೂ ಇದೆ ಎಂದೆ. ಅವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒತ್ತಿಕೊಂಡು ಬಹಳ ಹೊತ್ತು ಹಾಗೇ ಕುಳಿತರು. ತೋಟ ಕಂಡದ್ದಕ್ಕಿಂತ ಆ ಎರಡು ವರ್ಷದ ಮೌನ ಅವರನ್ನು ಹೆಚ್ಚು ಹಣ್ಣು ಮಾಡಿತ್ತು. ನಿನ್ನ ಕಾಗದದಲ್ಲಿ "ಆ ಮಾತೇ ಎತ್ತುವುದಿಲ್ಲ" ಎಂಬ ಸಾಲು ಓದಿದಾಗ ನನಗೆ ಅವರೇ ನೆನಪಾದರು.

ಈ ವಾರವೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮಂಜಿಗೆ ಕಾರಣ ಪೊರೆಯಾಗಿದ್ದರೆ ತೆಗೆಸಬಹುದು, ಕೆಲವರಿಗೆ ದೃಷ್ಟಿ ಮರಳಿದಾಗ ಈ ಚಿತ್ರಗಳು ನಿಲ್ಲುತ್ತವೆ. ಬಾಗಿಲ ಚೌಕಟ್ಟು ಸೊಟ್ಟಗೆ, ಅಲೆಅಲೆಯಾಗಿ ಕಾಣುತ್ತದೆಯೇ ಎಂದೂ ಅವ್ವನನ್ನು ಕೇಳು. ಕಂಡರೆ ಅದು ಕಣ್ಣಿನ ಹಿಂಪರದೆಯ ನಡುಭಾಗದ ರೋಗದ ಗುರುತಾಗಿರಬಹುದು, ಅದಕ್ಕೆ ತಡ ಮಾಡಬಾರದು. ದನಿಯೂ ಕೇಳಿಸಿದರೆ, ಕಂಡದ್ದೆಲ್ಲ ನಿಜವೆಂದು ಹಟ ಹಿಡಿದರೆ, ಮಾತು ತೊದಲಿದರೆ, ಜ್ವರದಲ್ಲಿ ಅಥವಾ ಹೊಸ ಮಾತ್ರೆ ತೆಗೆದುಕೊಂಡ ಮೇಲೆ ಇದು ಶುರುವಾಗಿದ್ದರೆ, ಬೇರೆ ಕಾರಣಗಳಿರುತ್ತವೆ. ಕಣ್ಣಿನ ವೈದ್ಯರ ಜೊತೆಗೆ ದೇಹ ನೋಡುವ ವೈದ್ಯರಿಗೂ ತೋರಿಸಬೇಕು. ಅಲ್ಲಿಯ ತನಕ ಪಡಸಾಲೆಯಲ್ಲಿ ಹೊತ್ತು ಮುಳುಗುವ ಮೊದಲೇ ದೊಡ್ಡ ದೀಪ ಹಾಕಿ. ಮಕ್ಕಳು ಬಂದಾಗ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸುವುದು, ರೆಪ್ಪೆ ಬಡಿಯುವುದು, ಎದ್ದು ಬೇರೆ ಕಡೆ ಕೂರುವುದು, ಇವು ಕೆಲವರಿಗೆ ಕೆಲಸ ಮಾಡುತ್ತವೆ.

ವೈದ್ಯರು ಯಾವ ಹೊತ್ತು, ಎಷ್ಟು ಹೊತ್ತು, ಎಷ್ಟು ದಿನದಿಂದ ಎಂದೆಲ್ಲ ಕೇಳುತ್ತಾರೆ. ಅದನ್ನು ಹೇಳಬೇಕಾದವಳು ಅವ್ವ, ಅವಳ ಬಾಯಿ ನಾವೇ ಮುಚ್ಚಿಸಿದ್ದೇವೆ. ಇಂದು ಸಂಜೆ ಅವಳ ಪಕ್ಕ ಚಾಪೆ ಹಾಕಿಕೊಂಡು ಕೂತು, ಆ ಮಕ್ಕಳ ಟೋಪಿಯ ಬಣ್ಣ ಯಾವುದು ಎಂದು ಕೇಳು. ಹೇಳಿದ್ದನ್ನೆಲ್ಲ ಬರೆದುಕೊ. ನನಗೂ ಬರೆ.